ಕ್ರಯವೋ, ಭೋಗ್ಯವೋ? ಆಟ ಮತ್ತು ಚಲನಚಿತ್ರಗಳ ಡಿಜಿಟಲ್ ಮಾರಾಟ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಂದು ಒಂದು ಸಣ್ಣ ಕಾಯಿದೆ ಜಾರಿಗೆ ಬಂದಿತು. ಅದು ಬಹುಮಟ್ಟಿಗೆ ಒಂದೇ ಒಂದು ಪದಕ್ಕೆ ಸಂಬಂಧಿಸಿದ ಕಾಯಿದೆ. ಅಂತರ್ಜಾಲದ ಮೂಲಕ ಚಲನಚಿತ್ರ, ಆಟ, ಸಂಗೀತ ಅಥವಾ ಪುಸ್ತಕವನ್ನು ಒದಗಿಸುವ ಮಾರಾಟಗಾರನು, ಗ್ರಾಹಕನಿಗೆ ದೊರೆಯುತ್ತಿರುವುದು ಬಳಕೆಯ ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಪದವನ್ನು ಬಳಸಕೂಡದೆಂಬುದು ಅದರ ತಿರುಳು. ಗ್ರಾಹಕನು ಶಾಶ್ವತವಾಗಿ ತನ್ನ ಯಂತ್ರಕ್ಕೆ ಇಳಿಸಿಕೊಂಡು, ಅಂತರ್ಜಾಲದ ಹಂಗಿಲ್ಲದೆ ಬಳಸಬಹುದಾದ ಸರಕಿಗೆ ಈ ನಿರ್ಬಂಧವಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಈ ಕಾಯಿದೆಗೆ ಅಂಕಿತ ಬಿದ್ದ ಕೆಲವೇ ವಾರಗಳಲ್ಲಿ, ಕಂಪ್ಯೂಟರ್ ಆಟಗಳ ಅತಿ ದೊಡ್ಡ ಅಂತರ್ಜಾಲ ಮಳಿಗೆಯಾದ ಸ್ಟೀಮ್ ತನ್ನ ಹಣ ಪಾವತಿಯ ಪುಟದಲ್ಲಿ ಒಂದು ಸಾಲನ್ನು ಸೇರಿಸಿತು: ಇಲ್ಲಿ ನಡೆಯುವ ಖರೀದಿಯಿಂದ ಗ್ರಾಹಕನಿಗೆ ಸಲ್ಲುವುದು ಪರವಾನಗಿ ಎಂದು. 2003ರಲ್ಲಿ ಆರಂಭವಾದ ವ್ಯವಸ್ಥೆಯೊಂದರ ಕರಾರು, ಎರಡು ದಶಕಗಳ ನಂತರ ಸಣ್ಣ ಅಕ್ಷರಗಳ ಕಾಡಿನಿಂದ ಹೊರಬಂದು ಗಿರಾಕಿಯ ಕಣ್ಣೆದುರು ನಿಂತಿತು.

ಆಟ, ಸಿನಿಮಾಗಳ ಈ ವಿಚಾರ ವರ್ತಕರ ಪತ್ರಿಕೆಗೆ ಏಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಮಾರಾಟ ಎಂಬ ಮಾತಿನ ಅರ್ಥವನ್ನೇ ಇಲ್ಲಿ ಸದ್ದಿಲ್ಲದೆ ಬದಲಿಸಲಾಗುತ್ತಿದೆ ಎಂಬುದೇ ಅದಕ್ಕೆ ಉತ್ತರ. ಮಾರಾಟದ ಅರ್ಥ ಬದಲಾದರೆ ಮೊದಲು ನಷ್ಟಕ್ಕೀಡಾಗುವವನು ಕೊಂಡು ಮಾರುವವನು.

ಕರ್ನಾಟಕದ ಯಾವುದೇ ಉಪನೋಂದಣಾಧಿಕಾರಿ ಕಚೇರಿಯ ಸುತ್ತಮುತ್ತ ಸಿಗುವ ಪತ್ರಬರಹಗಾರನಿಗೆ ಕ್ರಯ ಯಾವುದು, ಭೋಗ್ಯ ಯಾವುದು, ಬಾಡಿಗೆ ಯಾವುದು ಎಂಬುದರಲ್ಲಿ ಗೊಂದಲವಿಲ್ಲ. ಕ್ರಯಪತ್ರವೆಂದರೆ ಸ್ವತ್ತು ಪುತ್ರಪೌತ್ರ ಪಾರಂಪರ್ಯವಾಗಿ ಕೊಂಡವನಿಗೆ ಸೇರುತ್ತದೆ. ಅದನ್ನು ದಾನ ಮಾಡಲು, ಅಡವಿಡಲು, ವಿನಿಮಯ ಮಾಡಲು, ಮತ್ತೆ ಮಾರಲು ಅವನು ಸ್ವತಂತ್ರ. ಭೋಗ್ಯದ ಪತ್ರದಲ್ಲಿ ಒಂದು ಇಡಿಗಂಟು ಕೊಟ್ಟು ಇಂತಿಷ್ಟು ವರ್ಷ ಮನೆಯನ್ನು ಅನುಭವಿಸುವ ಹಕ್ಕು ಮಾತ್ರವಿದೆ. ಅವಧಿ ಮುಗಿದಾಗ ಮನೆ ಬಿಡಬೇಕು, ಇಡಿಗಂಟು ವಾಪಸು ಬರಬೇಕು. ಬಾಡಿಗೆಯಲ್ಲಿ ಹಣ ಹಿಂದಿರುಗದಿದ್ದರೂ, ತಿಂಗಳಿಗೆ ಇಷ್ಟು ಎಂಬ ಲೆಕ್ಕ ಇಬ್ಬರಿಗೂ ತಿಳಿದಿರುತ್ತದೆ. ಇಂದು ಅಂತರ್ಜಾಲದ ಮಳಿಗೆಗಳಲ್ಲಿ ‘ಖರೀದಿ’ಯ ಹೆಸರಿನಲ್ಲಿ ನಡೆಯುತ್ತಿರುವುದು ಈ ಮೂರರಲ್ಲಿ ಯಾವುದೂ ಅಲ್ಲದ ವಿಚಿತ್ರ ವ್ಯವಹಾರ. ಬೆಲೆ ಕ್ರಯದ್ದು, ಹಕ್ಕು ಭೋಗ್ಯದ್ದು. ಆದರೆ ಅವಧಿ ಎಷ್ಟೆಂದು ನಮೂದಾಗಿಲ್ಲ, ಇಡಿಗಂಟು ಹಿಂದಿರುಗುವುದೂ ಇಲ್ಲ. ಇಂತಹ ಪತ್ರಕ್ಕೆ ಸಾಕ್ಷಿ ಹಾಕಲು ಊರಿನ ಯಾವ ಹಿರಿಯನೂ ಒಪ್ಪಲಾರನು.

ಇದು ಕೇವಲ ಶಬ್ದಗಳ ತಕರಾರು ಎಂದು ತಳ್ಳಿಹಾಕುವಂತಿಲ್ಲ. 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಕಿಂಡಲ್ ಓದುಯಂತ್ರಗಳಿಂದ ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಕೃತಿಗಳ ಪ್ರತಿಗಳನ್ನು ದೂರದಿಂದಲೇ ಅಳಿಸಿಹಾಕಿತು. ಆ ಪ್ರತಿಗಳನ್ನು ಮಾರಾಟಕ್ಕಿಟ್ಟವರಿಗೆ ಅದರ ಹಕ್ಕಿರಲಿಲ್ಲವೆಂಬುದು ಕಾರಣ. ಹಣ ಹಿಂದಿರುಗಿತು, ಸಂಸ್ಥೆಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ಮಾರಿದವನು ಗಿರಾಕಿಯ ಮನೆಯೊಳಗೆ ಕೈಚಾಚಿ ಕಪಾಟಿನಿಂದ ಸರಕನ್ನು ಎತ್ತಿಕೊಳ್ಳಲು ಸಾಧ್ಯವೆಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು. ಅದಾಗಿ 13 ವರ್ಷಗಳ ಮೇಲೆ, 2022ರಲ್ಲಿ, ಜರ್ಮನಿ ಮತ್ತು ಆಸ್ಟ್ರಿಯಾದ ಪ್ಲೇಸ್ಟೇಷನ್ ಗ್ರಾಹಕರು ತಾವು ಕೊಂಡಿದ್ದ ಸ್ಟುಡಿಯೋ ಕೆನಾಲ್ ಸಂಸ್ಥೆಯ ಚಲನಚಿತ್ರಗಳನ್ನು ಕಳೆದುಕೊಂಡರು.

2023ರ ಡಿಸೆಂಬರ್‌ನ ಪ್ರಸಂಗ ಇನ್ನೂ ಬೋಧಪ್ರದ. ಡಿಸ್ಕವರಿಯ ಸರಣಿಗಳ 1,300ಕ್ಕೂ ಹೆಚ್ಚು ಸೀಸನ್‌ಗಳನ್ನು, ಅವುಗಳಿಗೆ ಹಣ ತೆತ್ತವರ ಸಂಗ್ರಹದಿಂದಲೂ, ತಿಂಗಳ ಕೊನೆಗೆ ತೆಗೆದುಹಾಕಲಾಗುವುದೆಂದು ಸೋನಿ ಪ್ರಕಟಿಸಿತು. ಪರವಾನಗಿಯ ಒಪ್ಪಂದ ಮುಗಿದಿರುವುದೇ ಕಾರಣವೆಂದು ತಿಳಿಸಲಾಯಿತು. ಗದ್ದಲವೆದ್ದಿತು, ಹೊಸ ಒಪ್ಪಂದವಾಯಿತು, ನಿರ್ಧಾರ ಹಿಂತೆಗೆಯಲ್ಪಟ್ಟಿತು. ಆದರೆ ಸಮಾಧಾನ ಹೇಳುವ ಆ ಪ್ರಕಟಣೆಯಲ್ಲಿದ್ದ ಭರವಸೆ ಎಷ್ಟರದು? ಕನಿಷ್ಠ 30 ತಿಂಗಳವರೆಗೆ ಈ ಸರಣಿಗಳು ಲಭ್ಯವಿರುತ್ತವೆ ಎಂದಷ್ಟೇ. ‘ಖರೀದಿ’ ಎಂದು ಹಣ ಪಡೆದ ಸರಕಿಗೆ ತಿಂಗಳುಗಳ ಲೆಕ್ಕದಲ್ಲಿ ಅವಧಿ ನಮೂದಿಸಿದ ಮೇಲೆ ಅದು ಭೋಗ್ಯವೆಂದು ಬೇರೆ ಯಾರೂ ಹೇಳಬೇಕಾಗಿಲ್ಲ, ಮಾರಿದವನೇ ಹೇಳಿದಂತಾಯಿತು.

ಆಟಗಳ ಸಂಗತಿ ಚಲನಚಿತ್ರಗಳಿಗಿಂತ ಜಟಿಲ. ಯೂಬಿಸಾಫ್ಟ್ ಎಂಬ ಫ್ರೆಂಚ್ ಸಂಸ್ಥೆ 2014ರಲ್ಲಿ ‘ದಿ ಕ್ರೂ’ ಎಂಬ ಕಾರು ಓಟದ ಆಟವನ್ನು ಮಾರುಕಟ್ಟೆಗೆ ತಂದಿತು. ಡಬ್ಬಿಯಲ್ಲಿ ಡಿಸ್ಕ್ ರೂಪದಲ್ಲಿಯೂ ಅದು ಅಂಗಡಿಗಳಲ್ಲಿ ಮಾರಾಟವಾಯಿತು. ಒಬ್ಬನೇ ಕುಳಿತು ಆಡುವಾಗಲೂ ಸಂಸ್ಥೆಯ ಸರ್ವರ್‌ನ ಸಂಪರ್ಕ ಅದಕ್ಕೆ ಬೇಕಾಗಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ಡಿಸ್ಕ್ ಕೈಯಲ್ಲಿದ್ದವರದ್ದೂ ಅಂದಿಗೆ ನಿಷ್ಪ್ರಯೋಜಕವಾಯಿತು. ಡಿಸ್ಕ್ ಇದ್ದರೆ ಸಾಕು, ಸ್ವಾಮ್ಯ ಭದ್ರ ಎಂದು ನಂಬುವವರು ಈ ಒಂದು ಉದಾಹರಣೆಯನ್ನು ಮರೆಯಬಾರದು. ಇದನ್ನು ವಿರೋಧಿಸಿ ಆರಂಭವಾದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ 2025ರ ಜುಲೈ ವೇಳೆಗೆ ಐರೋಪ್ಯ ಒಕ್ಕೂಟದಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಸಂಸ್ಥೆಯು ಅದೇ ಸರಣಿಯ 2ನೆಯ ಆಟಕ್ಕೆ ಅಂತರ್ಜಾಲವಿಲ್ಲದೆ ಆಡುವ ವ್ಯವಸ್ಥೆಯನ್ನು 2025ರಲ್ಲಿ ಒದಗಿಸಿತು. ತಾಂತ್ರಿಕವಾಗಿ ಅಸಾಧ್ಯವೆಂಬ ವಾದಕ್ಕೆ ಅಲ್ಲಿಗೆ ಬಲ ಕಡಿಮೆಯಾಯಿತು.

ಇದಕ್ಕೆ ವ್ಯತಿರಿಕ್ತವಾದ ಮೇಲ್ಪಂಕ್ತಿಯೂ ಉಂಟು. ಗೂಗಲ್ ಸಂಸ್ಥೆ ತನ್ನ ‘ಸ್ಟೇಡಿಯಾ’ ಆಟದ ಸೇವೆಯನ್ನು 2023ರ ಜನವರಿಯಲ್ಲಿ ಮುಚ್ಚಿದಾಗ, ಆಟಗಳಿಗೂ ತನ್ನ ಮಳಿಗೆಯಿಂದ ಮಾರಿದ ಉಪಕರಣಗಳಿಗೂ ಗ್ರಾಹಕರು ತೆತ್ತಿದ್ದ ಹಣವನ್ನು ಹಿಂದಿರುಗಿಸಿತು. ಭೋಗ್ಯದ ಇಡಿಗಂಟು ಮರಳಿತೆನ್ನಬಹುದು.

ಕೊಂಡ ವಸ್ತುವನ್ನು ಮತ್ತೆ ಮಾರುವ ಹಕ್ಕು ತಾನಾಗಿ ಬಂದುದಲ್ಲ. ಅದನ್ನು ಗೆದ್ದುಕೊಟ್ಟವರಲ್ಲಿ ವರ್ತಕರೂ ಇದ್ದಾರೆ. ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ತನ್ನ ಕಾದಂಬರಿಯೊಂದರಲ್ಲಿ, ಇದನ್ನು 1 ಡಾಲರಿಗಿಂತ ಕಡಿಮೆ ಬೆಲೆಗೆ ಮಾರಕೂಡದೆಂದು ಅಚ್ಚು ಹಾಕಿಸಿತ್ತು. ನ್ಯೂಯಾರ್ಕಿನ ಮೇಸೀಸ್ ಮಳಿಗೆಯ ಒಡೆಯರು ಅದನ್ನು 89 ಸೆಂಟಿಗೆ ಮಾರಿದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1908ರಲ್ಲಿ ಬಂದ ತೀರ್ಪು ಅಂಗಡಿಯವರ ಪರವಾಗಿತ್ತು: ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟದ ಮೇಲೆ ಕೃತಿಸ್ವಾಮ್ಯದ ಒಡೆಯನಿಗೆ ಹಿಡಿತವಿಲ್ಲ. ಅಲ್ಲಿನ ಹಳೆಯ ಪುಸ್ತಕದಂಗಡಿ, ವಿಡಿಯೋ ಲೈಬ್ರರಿ, ಬಳಸಿದ ಆಟಗಳ ವಹಿವಾಟು ಎಲ್ಲವೂ ಬೆಳೆದದ್ದು ಈ ತಳಹದಿಯ ಮೇಲೆ. 1998ರಲ್ಲಿ ಆರಂಭವಾದ ನೆಟ್‌ಫ್ಲಿಕ್ಸ್, ಡಿ.ವಿ.ಡಿ.ಗಳನ್ನು ಅಂಚೆಯಲ್ಲಿ ಬಾಡಿಗೆಗೆ ಕಳುಹಿಸಿ ಬೆಳೆದದ್ದು ಈ ತತ್ತ್ವದ ನೆರಳಿನಲ್ಲಿಯೇ. 2023ರ ಸೆಪ್ಟೆಂಬರ್ 29ರಂದು ಕೊನೆಯ ಡಿಸ್ಕ್ ಕಳುಹಿಸಿ ಆ ವಿಭಾಗವನ್ನು ಅದು ಮುಚ್ಚಿತು.

ಡಿಜಿಟಲ್ ಪ್ರತಿಗೆ ಈ ತತ್ತ್ವ ಸಲ್ಲುವುದಿಲ್ಲವೆಂಬುದು ಪಾಶ್ಚಾತ್ಯ ನ್ಯಾಯಾಲಯಗಳ ಈವರೆಗಿನ ಒಲವು. ಒಬ್ಬನ ಯಂತ್ರದಿಂದ ಇನ್ನೊಬ್ಬನ ಯಂತ್ರಕ್ಕೆ ಕಡತ ಸಾಗಬೇಕಾದರೆ ಹೊಸ ಪ್ರತಿಯೊಂದು ಸೃಷ್ಟಿಯಾಗಲೇಬೇಕು, ಪ್ರತಿ ತೆಗೆಯುವ ಹಕ್ಕು ಒಡೆಯನದು ಮಾತ್ರ ಎಂಬ ತರ್ಕದ ಮೇಲೆ, ಬಳಸಿದ ಹಾಡುಗಳನ್ನು ಮರುಮಾರಾಟ ಮಾಡುತ್ತಿದ್ದ ರೀಡಿಜಿ ಸಂಸ್ಥೆ 2013ರಲ್ಲಿ ಸೋತಿತು. 2018ರಲ್ಲಿ ಮೇಲ್ಮನವಿಯಲ್ಲಿಯೂ ಸೋತಿತು. ಐರೋಪ್ಯ ನ್ಯಾಯಾಲಯ 2012ರಲ್ಲಿ ಬಳಸಿದ ತಂತ್ರಾಂಶದ ಮರುಮಾರಾಟಕ್ಕೆ ಹಾದಿ ತೆರೆದು, 2019ರಲ್ಲಿ ಇ-ಪುಸ್ತಕಗಳಿಗೆ ಅದನ್ನು ನಿರಾಕರಿಸಿತು. ಸ್ಟೀಮ್‌ನ ಆಟಗಳನ್ನು ಮರುಮಾರಾಟ ಮಾಡಬಹುದೆಂದು 2019ರಲ್ಲಿ ಪ್ಯಾರಿಸಿನ ನ್ಯಾಯಾಲಯವೊಂದು ಹೇಳಿದ್ದನ್ನು 2022ರಲ್ಲಿ ಮೇಲಿನ ನ್ಯಾಯಾಲಯ ತಳ್ಳಿಹಾಕಿತು. ಸ್ಟೀಮ್‌ನ ಒಪ್ಪಂದದ ಪ್ರಕಾರ ಖಾತೆಯನ್ನು ಬೇರೊಬ್ಬರಿಗೆ ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ. ಪುತ್ರಪೌತ್ರ ಪಾರಂಪರ್ಯದ ಮಾತು ದೂರವೇ ಉಳಿಯಿತು.

ಭಾರತದ ಸ್ಥಿತಿ ಬೇರೆ ಬಗೆಯದು, ಸ್ವಲ್ಪ ಗಮನಕೊಟ್ಟು ನೋಡಬೇಕಾದುದು. 1957ರ ಕೃತಿಸ್ವಾಮ್ಯ ಕಾಯಿದೆಯು ಚಲನಚಿತ್ರದ ವಿಷಯದಲ್ಲಿ ಬಹುಕಾಲ ಒಡೆಯನ ಪಕ್ಷಪಾತಿಯಾಗಿತ್ತು. ಪ್ರತಿಯೊಂದು ಹಿಂದೆ ಮಾರಾಟವಾಗಿರಲಿ, ಬಾಡಿಗೆಗೆ ಹೋಗಿರಲಿ, ಅದನ್ನು ಮತ್ತೆ ಮಾರುವ ಅಥವಾ ಬಾಡಿಗೆಗೆ ಕೊಡುವ ಹಕ್ಕು ಒಡೆಯನಲ್ಲಿಯೇ ಉಳಿಯುತ್ತದೆಂದು ಅದರ 14ನೆಯ ಪ್ರಕರಣ ಹೇಳುತ್ತಿತ್ತು. ವಿದೇಶದಲ್ಲಿ ನ್ಯಾಯವಾಗಿ ಕೊಂಡ ಡಿಸ್ಕ್‌ಗಳನ್ನು ದೆಹಲಿಯಲ್ಲಿ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯೊಂದರ ವಿರುದ್ಧ 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ತೀರ್ಪು ನೀಡಿದ್ದು ಈ ಮಾತುಗಳ ಆಧಾರದ ಮೇಲೆಯೇ. ಹತ್ತಿಪ್ಪತ್ತು ರೂಪಾಯಿಗೆ ವಿ.ಸಿ.ಡಿ. ಬಾಡಿಗೆಗೆ ಕೊಟ್ಟು ಜೀವನ ಸಾಗಿಸಿದ ತಾಲ್ಲೂಕು ಕೇಂದ್ರಗಳ ಎಷ್ಟೋ ಅಂಗಡಿಗಳು ಕಾನೂನಿನ ಕಣ್ಣಿನಲ್ಲಿ ಅತಂತ್ರವಾಗಿದ್ದವೆಂಬುದು ಅವುಗಳ ಮಾಲೀಕರಲ್ಲಿ ಹಲವರಿಗೆ ಕೊನೆಯವರೆಗೂ ತಿಳಿಯಲಿಲ್ಲ. 2012ರ ತಿದ್ದುಪಡಿ ಹಿಂದಿನ ಮಾರಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆ ಮಾತುಗಳನ್ನು ಕೈಬಿಟ್ಟಿತು. ಬಾಡಿಗೆಯ ಬದಲು ‘ವಾಣಿಜ್ಯ ಬಾಡಿಗೆ’ ಎಂದು ಬರೆದು, ಲಾಭೋದ್ದೇಶವಿಲ್ಲದ ಗ್ರಂಥಾಲಯ ಮತ್ತು ಶಿಕ್ಷಣ ಸಂಸ್ಥೆಗಳನ್ನು ಹೊರಗಿಟ್ಟಿತು. ಡಿಸ್ಕ್ ವ್ಯಾಪಾರಿಗೆ ಅನುಕೂಲವಾದ ತಿದ್ದುಪಡಿ ಬರುವ ವೇಳೆಗೆ ಡಿಸ್ಕ್ ವ್ಯಾಪಾರವೇ ಇಳಿಮುಖವಾಗಿತ್ತು. ವರ್ತಕರ ಪಾಲಿಗೆ ಕಾನೂನು ಸಾಮಾನ್ಯವಾಗಿ ಬರುವ ವೇಳೆ ಇದು.

ತೆರಿಗೆಯ ಕಾನೂನು ಇನ್ನೊಂದು ಕುತೂಹಲದ ಸಂಗತಿಯನ್ನು ಹೊರಗೆಡವುತ್ತದೆ. ಡಿಸ್ಕ್‌ನಲ್ಲಿ ಅಡಕವಾದ ಸಿದ್ಧ ತಂತ್ರಾಂಶವು ‘ಸರಕು’ ಎಂದು, ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರ ಪ್ರದೇಶ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2004ರಲ್ಲಿಯೇ ತೀರ್ಮಾನಿಸಿತು. ಅಂತರ್ಜಾಲದ ಮೂಲಕ ಒದಗಿಸುವ ಚಲನಚಿತ್ರ, ಸಂಗೀತ, ತಂತ್ರಾಂಶಗಳನ್ನಾದರೋ 2017ರ ಸಮಗ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ ‘ಸೇವೆ’ಗಳ ಪಟ್ಟಿಯಲ್ಲಿಟ್ಟಿದೆ. ಒಂದೇ ಚಲನಚಿತ್ರ ಡಬ್ಬಿಯಲ್ಲಿ ಬಂದರೆ ಸರಕು, ತಂತಿಯಲ್ಲಿ ಬಂದರೆ ಸೇವೆ. ಸರ್ಕಾರದ ಮುಂದೆ ಸೇವೆ ಒದಗಿಸಿದ್ದೇನೆಂದು ವಿವರಪಟ್ಟಿ ಸಲ್ಲಿಸುವ ಸಂಸ್ಥೆ, ಗಿರಾಕಿಯ ಮುಂದೆ ಸರಕು ಮಾರಿದ್ದೇನೆಂಬ ಭಾವನೆ ಬರುವಂತೆ ಗುಂಡಿಯ ಮೇಲೆ ‘ಖರೀದಿಸಿ’ ಎಂದು ಬರೆಯುತ್ತದೆ. ಸಾಮಾನ್ಯ ವರ್ತಕನೊಬ್ಬನು ತೆರಿಗೆ ಅಧಿಕಾರಿಗೆ ಒಂದು ಬಿಲ್ಲು, ಗಿರಾಕಿಗೆ ಇನ್ನೊಂದು ಬಿಲ್ಲು ಕೊಟ್ಟರೆ ಏನಾಗುತ್ತದೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ಇದರ ಪರಿಣಾಮ ಗಿರಾಕಿಯ ಮೇಲೆ ನೇರವಾಗಿ ಆಗುತ್ತದೆ. 1930ರ ಸರಕುಗಳ ಮಾರಾಟ ಕಾಯಿದೆಯ 14ನೆಯ ಪ್ರಕರಣದ ಪ್ರಕಾರ, ಮಾರುವವನಿಗೆ ಮಾರುವ ಹಕ್ಕಿದೆ ಎಂಬುದು ಪ್ರತಿ ಮಾರಾಟದಲ್ಲಿಯೂ ಅಡಗಿರುವ ಷರತ್ತು. ಕೊಂಡವನು ಅದನ್ನು ನಿರಾತಂಕವಾಗಿ ಅನುಭವಿಸುವನೆಂಬುದು ಅಡಗಿರುವ ಭರವಸೆ. ಬೀದಿಬದಿಯಲ್ಲಿ ಹಳೆಯ ಡಿಸ್ಕ್ ಮಾರುವವನೂ ಈ ಭರವಸೆಗೆ ಬದ್ಧ. ಸರಕಲ್ಲ, ಸೇವೆ ಎಂದಾದೊಡನೆ ಈ ರಕ್ಷಣೆ ಕಳಚಿಬೀಳುತ್ತದೆ. ಉಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದವನ್ನು ಕೊನೆಗೊಳಿಸುವ ಅಧಿಕಾರವನ್ನು ಒಬ್ಬನಿಗೆ ಕೊಡುವ ಕರಾರನ್ನು ಅದು ‘ಅನ್ಯಾಯದ ಒಪ್ಪಂದ’ಗಳ ಸಾಲಿಗೆ ಸೇರಿಸಿದೆ. ಆದರೆ ಅನ್ಯಾಯದ ಒಪ್ಪಂದದ ದೂರು ಜಿಲ್ಲಾ ಆಯೋಗಕ್ಕೆ ಬರುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಐನೂರು ರೂಪಾಯಿಯ ಚಲನಚಿತ್ರಕ್ಕಾಗಿ ಬೀದರಿನಿಂದ ಬೆಂಗಳೂರಿನ ಆಯೋಗಕ್ಕೆ ದೂರು ಒಯ್ಯುವವರು ಯಾರು? 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂತರ್ಜಾಲ ಮಳಿಗೆಗಳ 13 ಬಗೆಯ ಕಪಟ ವಿಧಾನಗಳನ್ನು ಪಟ್ಟಿಮಾಡಿ ಮಾರ್ಗಸೂಚಿ ಹೊರಡಿಸಿತು. ಪರವಾನಗಿಯನ್ನು ಖರೀದಿಯೆಂದು ಕರೆಯುವುದು ಆ 13ರಲ್ಲಿ ಪ್ರತ್ಯೇಕವಾಗಿ ಸೇರಿಲ್ಲ. 14ನೆಯದಾಗಿ ಅದನ್ನು ಸೇರಿಸಬೇಕೆಂದು ಒತ್ತಾಯಿಸಲು ವಾಣಿಜ್ಯ ಸಂಘಗಳಿಗಿಂತ ಅರ್ಹರು ಬೇರಿಲ್ಲ.

ವರ್ತಕರ ಹಿತದ ಪ್ರಶ್ನೆಗೆ ಬಂದರೆ, ಒಂದು ಸರಳ ಲೆಕ್ಕ ನೋಡಬಹುದು. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಡಿಸ್ಕ್ ಹಾಕಬಹುದಾದ ಯಂತ್ರಕ್ಕೆ ರೂ. 49,990, ಡಿಸ್ಕ್‌ನ ಸೌಲಭ್ಯವಿಲ್ಲದ ಯಂತ್ರಕ್ಕೆ ರೂ. 39,990 ಎಂದು ಅಂದು ಬೆಲೆ ಪ್ರಕಟವಾಗಿತ್ತು. ಹತ್ತು ಸಾವಿರ ಉಳಿತಾಯವೆಂದು ಕಂಡರೂ, ಸುಮಾರು ರೂ. 5,000 ಬೆಲೆಯ ಐದು ಆಟಗಳನ್ನು ಡಿಸ್ಕ್ ರೂಪದಲ್ಲಿ ಕೊಂಡು, ಆಡಿ ಮುಗಿಸಿ, ತಲಾ ರೂ. 2,000ಕ್ಕೆ ಮಾರಿದರೆ ಅದೇ ಹತ್ತು ಸಾವಿರ ಕೈಗೆ ಮರಳುತ್ತದೆ. ಆರನೆಯ ಆಟದಿಂದ ಮುಂದಿನದು ಲಾಭ. ಆ ಐದು ಡಿಸ್ಕ್‌ಗಳನ್ನು ಕೊಂಡು ಮಾರುವ ನಡುವಣ ಅಂಗಡಿಯವನಿಗೂ ಪ್ರತಿ ಸಲ ಒಂದಿಷ್ಟು ಲಾಭಾಂಶವುಂಟು. ಅಗ್ಗದ ಯಂತ್ರವನ್ನು ಕೊಂಡವನು ಮಾತ್ರ ಆಟಗಳಿಗಾಗಿ ಒಂದೇ ಮಳಿಗೆಗೆ, ಅದು ಹೇಳಿದ ಬೆಲೆಗೆ, ಯಂತ್ರ ಇರುವವರೆಗೂ ಕಟ್ಟುಬಿದ್ದಂತೆ. ಬಳಸಿದ ಆಟಗಳ ಮಾರಾಟಕ್ಕೆ ಕಡಿವಾಣ ಹಾಕಲು ಮೈಕ್ರೋಸಾಫ್ಟ್ ಸಂಸ್ಥೆ 2013ರಲ್ಲಿ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರದಲ್ಲಿ ಪ್ರಯತ್ನಿಸಿ, ಜನರ ಆಕ್ರೋಶಕ್ಕೆ ಮಣಿದು, ಕೆಲವೇ ವಾರಗಳಲ್ಲಿ ಹಿಂದೆ ಸರಿದಿತ್ತು. ಅಂದು ನಿಯಮದಿಂದ ಸಾಧಿಸಲಾಗದ್ದನ್ನು ಡಿಸ್ಕ್ ಕಂಡಿಯನ್ನೇ ಕೈಬಿಡುವ ಮೂಲಕ ಉದ್ಯಮ ಈಗ ಸಾಧಿಸುತ್ತಿದೆ. ಸೋನಿ 2024ರಲ್ಲಿ ತಂದ ದುಬಾರಿ ಮಾದರಿ ಪ್ಲೇಸ್ಟೇಷನ್ 5 ಪ್ರೋ ಕೂಡ ಡಿಸ್ಕ್ ಕಂಡಿಯಿಲ್ಲದೆಯೇ ಬರುತ್ತದೆ. ಬೇಕೆನ್ನುವವರು ಪ್ರತ್ಯೇಕ ಹಣ ತೆತ್ತು ಅಳವಡಿಸಿಕೊಳ್ಳಬೇಕು.

ಡಿಸ್ಕ್ ಉಳಿಯಲಿ ಎಂದಷ್ಟೇ ಹಠ ಹಿಡಿಯುವುದು ವಿವೇಕವಲ್ಲ. ದೆಹಲಿಯ ಮೋಸರ್ ಬೇರ್ ಸಂಸ್ಥೆ 2007ರ ಸುಮಾರಿಗೆ ವಿ.ಸಿ.ಡಿ.ಯನ್ನು ರೂ. 28ಕ್ಕೂ ಡಿ.ವಿ.ಡಿ.ಯನ್ನು ರೂ. 34ಕ್ಕೂ ಮಾರಿ ನಕಲಿ ಡಿಸ್ಕ್‌ನವರಿಗೆ ಸಡ್ಡು ಹೊಡೆದಾಗ, ಮಧ್ಯಮ ವರ್ಗದ ಮನೆಗಳಲ್ಲಿ ಚಲನಚಿತ್ರಗಳ ಸ್ವಂತ ಸಂಗ್ರಹವೆಂಬುದು ಮೊದಲ ಬಾರಿಗೆ ಕೈಗೆಟುಕಿತು. ಅದೇ ಸಂಸ್ಥೆ 2018ರಲ್ಲಿ ಸಮಾಪನೆಗೆ ಒಳಗಾಯಿತು. ಬೆಂಗಳೂರಿನಿಂದ ಹೊರಟು ಅಂತರ್ಜಾಲದಲ್ಲಿ ಬೇಡಿಕೆ ಪಡೆದು ಮನೆಬಾಗಿಲಿಗೆ ಡಿಸ್ಕ್ ತಲುಪಿಸುತ್ತಿದ್ದ ಸೆವೆಂಟಿಎಂಎಂನ ಬಾಡಿಗೆ ವ್ಯವಹಾರವೂ ಉಳಿಯಲಿಲ್ಲ. ಮುಂಬಯಿಯ ಹೆಸರಾಂತ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು. ಗಿರಾಕಿ ಅನುಕೂಲವನ್ನು ಆರಿಸಿಕೊಂಡಿದ್ದಾನೆ, ಅದು ಅವನ ಹಕ್ಕು. ನೂರಾರು ಕಿಲೋಮೀಟರ್ ದೂರದ ಅಂಗಡಿಗೆ ಹೋಗಲಾಗದ ಹಳ್ಳಿಯ ಹುಡುಗನಿಗೆ ಮೊಬೈಲಿನಲ್ಲಿಯೇ ಚಿತ್ರ ಸಿಗುವುದು ಸಣ್ಣ ಉಪಕಾರವಲ್ಲ. ತಿಂಗಳ ಚಂದಾ ಕೊಟ್ಟು ನೋಡುವ ವ್ಯವಸ್ಥೆಯಲ್ಲಿ ಮೋಸವೂ ಇಲ್ಲ. ಅದು ಬಾಡಿಗೆಯೆಂದು ಎಲ್ಲರಿಗೂ ಗೊತ್ತು.

ಡಿಸ್ಕ್ ಕೂಡ ಅಜರಾಮರವಲ್ಲ. ಧೂಳು, ತೇವ, ಬೂಷ್ಟುಗಳಿಂದ ಹಾಳಾದ ಡಿಸ್ಕ್‌ಗಳು ಕರಾವಳಿಯ ಮನೆಗಳಲ್ಲಿ ಬೇಕಾದಷ್ಟು ಸಿಗುತ್ತವೆ. 2006ರಿಂದ 2008ರವರೆಗೆ ತಯಾರಾದ ತನ್ನ ಕೆಲವು ಡಿ.ವಿ.ಡಿ.ಗಳು ಒಳಗಿನಿಂದಲೇ ಕೆಡುತ್ತಿರುವುದನ್ನು ವಾರ್ನರ್ ಬ್ರದರ್ಸ್ 2025ರಲ್ಲಿ ಒಪ್ಪಿಕೊಂಡು, ಬದಲಿ ಕೊಡಲು ಮುಂದಾಯಿತು. ಗಮನಿಸಬೇಕಾದುದು ಇಷ್ಟೇ: ಮಾರಿದ ಸರಕು ಕೆಟ್ಟಿತೆಂದು ಹದಿನೇಳು ವರ್ಷಗಳ ಮೇಲೆ ಗಿರಾಕಿ ಕೇಳಲು ಸಾಧ್ಯವಾದದ್ದು, ಸರಕೆಂಬುದೊಂದು ಅವನ ಕೈಯಲ್ಲಿ ಇದ್ದುದರಿಂದ.

ಪ್ರತಿಗಳು ಹಲವರ ಕೈಯಲ್ಲಿರುವುದರ ಬೆಲೆ ಕನ್ನಡಿಗರಿಗೆ ತಿಳಿಯದ್ದಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಬೆರಳೆಣಿಕೆಯ ಪ್ರತಿಗಳು ವಿತರಕರ ಗೋದಾಮುಗಳಲ್ಲಿ ಮಾತ್ರ ಇದ್ದ ಕಾಲದ ಕಥೆ ಅದು. ಮನೆಮನೆಗೆ ಕ್ಯಾಸೆಟ್ಟು, ಡಿಸ್ಕ್‌ಗಳು ಹಂಚಿಹೋದ ಮುಂದಿನ ಕಾಲದ ಚಿತ್ರಗಳಿಗೆ ಆ ಗತಿ ಅಷ್ಟು ಸುಲಭವಾಗಿ ಒದಗುವುದಿಲ್ಲ. ಅಂತರ್ಜಾಲದ ವೇದಿಕೆಗಳಲ್ಲಿ ಮಾತ್ರ ಬಿಡುಗಡೆಯಾಗಿ ಡಿಸ್ಕ್ ಕಾಣದ ಇಂದಿನ ಚಿತ್ರಗಳು, ಒಂದರ್ಥದಲ್ಲಿ, 1934ರ ಸ್ಥಿತಿಗೆ ಮರಳಿವೆ. ಆಟಗಳ ಸ್ಥಿತಿ ಇನ್ನೂ ಶೋಚನೀಯ. ಅಮೆರಿಕದಲ್ಲಿ 2010ಕ್ಕೆ ಮುನ್ನ ಬಿಡುಗಡೆಯಾದ ಹಳೆಯ ಆಟಗಳ ಪೈಕಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ಲಭ್ಯವಿಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿತು. ಅವು ಇಂದು ಎಲ್ಲಿಯಾದರೂ ದೊರೆಯುವುದಿದ್ದರೆ ಹಳೆಯ ಸರಕಿನ ಅಂಗಡಿಗಳಲ್ಲಿ, ಹವ್ಯಾಸಿಗಳ ಕಪಾಟುಗಳಲ್ಲಿ, ಇಲ್ಲವೇ ಕಳ್ಳಪ್ರತಿಗಳಲ್ಲಿ.

ಕಳ್ಳಪ್ರತಿಯ ಮಾತು ಬಂದುದರಿಂದ ಒಂದು ಅಸಮತೋಲವನ್ನು ಹೇಳಲೇಬೇಕು. ಕರ್ನಾಟಕ ಸರ್ಕಾರ 2014ರಲ್ಲಿ ಗೂಂಡಾ ಕಾಯಿದೆಗೆ ತಿದ್ದುಪಡಿ ತಂದು, ಕೃತಿಸ್ವಾಮ್ಯ ಉಲ್ಲಂಘಿಸುವ ‘ಡಿಜಿಟಲ್ ಅಪರಾಧಿ’ಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಸಾಲ ಮಾಡಿ ಚಿತ್ರ ತೆಗೆಯುವ ಕನ್ನಡದ ನಿರ್ಮಾಪಕರ ಸಂಕಟವನ್ನು ಬಲ್ಲವರು ಕಠಿಣ ಕಾನೂನನ್ನು ಆಕ್ಷೇಪಿಸಲಾರರು. ಹಣ ಕೊಡದೆ ಪಡೆದವನಿಗೆ ಸೆರೆಮನೆಯ ಭಯವಿದೆ. ಹಣ ಕೊಟ್ಟು ಪಡೆದವನಿಂದ ಸರಕನ್ನು ಹಿಂತೆಗೆದುಕೊಂಡವನಿಗೆ ಯಾವ ಭಯವಿದೆ? ಪ್ರಾಮಾಣಿಕ ಗಿರಾಕಿಯ ಸಂಗ್ರಹಕ್ಕಿಂತ ಕಳ್ಳನ ಸಂಗ್ರಹವೇ ಹೆಚ್ಚು ಭದ್ರವಾಗಿರುವ ಮಾರುಕಟ್ಟೆಯಲ್ಲಿ ಪ್ರಾಮಾಣಿಕರ ಸಂಖ್ಯೆ ಹೆಚ್ಚುವುದೆಂದು ನಿರೀಕ್ಷಿಸುವುದು ವ್ಯಾಪಾರಜ್ಞಾನವಲ್ಲ.

ಇದೆಲ್ಲವೂ ಮನರಂಜನೆಯ ಸರಕಿಗೆ ಮಾತ್ರ ಸೀಮಿತವೆಂದು ಸಣ್ಣ ಉದ್ದಿಮೆದಾರರು ನೆಮ್ಮದಿಯಿಂದಿರುವ ಹಾಗಿಲ್ಲ. ಯಂತ್ರಭಾಗಗಳ ನಕ್ಷೆ ತೆಗೆಯುವ ಆಟೋಕ್ಯಾಡ್‌ನ ಶಾಶ್ವತ ಪರವಾನಗಿಯ ಮಾರಾಟ 2016ರ ಜನವರಿ ಅಂತ್ಯಕ್ಕೆ ನಿಂತಿತು. ಮುದ್ರಣಾಲಯಗಳು ಅವಲಂಬಿಸಿರುವ ಅಡೋಬಿಯ ತಂತ್ರಾಂಶಗಳು 2013ರಿಂದ ಚಂದಾ ಪದ್ಧತಿಗೆ ಹೊರಳಿದವು. ಚಂದಾ ಚಂದಾ ಎಂದೇ ಕರೆಯಲ್ಪಟ್ಟಿರುವುದರಿಂದ ಅಲ್ಲಿ ವಂಚನೆಯಿಲ್ಲ, ಆದರೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಒಮ್ಮೆ ಬಂಡವಾಳವಾಗಿ ಕುಳಿತಿದ್ದ ಬಾಬು ಈಗ ಪ್ರತಿವರ್ಷದ ಖರ್ಚಾಗಿದೆ. ಚಂದಾ ನಿಂತ ದಿನ ಸಾಧನವೂ ನಿಲ್ಲುತ್ತದೆ. ಆಟಿಕೆಯಲ್ಲಿ ಪರೀಕ್ಷೆಗೊಂಡ ಪದ್ಧತಿ ಹತಾರಕ್ಕೆ ಬರಲು ಬಹಳ ಕಾಲ ಹಿಡಿಯುವುದಿಲ್ಲ.

ಬೇಡಿಕೆಗಳು ದೊಡ್ಡವಲ್ಲ. ಕಾಲಮಿತಿಯ ಅಥವಾ ಹಿಂತೆಗೆಯಬಹುದಾದ ಪರವಾನಗಿಗೆ ‘ಖರೀದಿ’ ಎಂಬ ಪದ ಬಳಸಬಾರದೆಂಬ ನಿಯಮ ಭಾರತದಲ್ಲಿಯೂ ಬರಬೇಕು. ಸೇವೆ ಮುಚ್ಚುವವರು ಸ್ಟೇಡಿಯಾದಂತೆ ಹಣ ಹಿಂದಿರುಗಿಸಬೇಕು, ಇಲ್ಲವೇ ಅಂತರ್ಜಾಲದ ಹಂಗಿಲ್ಲದೆ ನಡೆಯುವ ಪ್ರತಿಯನ್ನು ಗಿರಾಕಿಯ ವಶಕ್ಕೆ ಕೊಡಬೇಕು. ಪೋಲೆಂಡ್ ಮೂಲದ ಜಿ.ಓ.ಜಿ. ಮಳಿಗೆ ಅಂತಹ ಪ್ರತಿಗಳನ್ನೇ ಮಾರಿಕೊಂಡು ಬಂದಿದೆ, ಆದುದರಿಂದ ಅದು ವ್ಯಾಪಾರಕ್ಕೆ ಮಾರಕವೆಂಬ ವಾದ ನಿಲ್ಲುವುದಿಲ್ಲ. ಇಂತಹ ದೂರುಗಳು ಜಿಲ್ಲಾ ಆಯೋಗದಲ್ಲಿಯೇ ಇತ್ಯರ್ಥವಾಗುವಂತೆ ಗ್ರಾಹಕ ಕಾಯಿದೆಯಲ್ಲಿ ಅವಕಾಶವಾಗಬೇಕು. ಡಬ್ಬಿಯಲ್ಲಿ ಮಾರುವ ಸರಕಿನ ವಿಷಯದಲ್ಲಿ, ಒಳಗಿನ ಡಿಸ್ಕ್ ತಾನಾಗಿಯೇ ನಡೆಯುತ್ತದೆಯೇ, ಸರ್ವರ್‌ನ ಆಸರೆ ಬೇಕೇ, ಬೇಕಿದ್ದರೆ ಎಷ್ಟು ವರ್ಷದವರೆಗೆ ಆಸರೆ ಖಚಿತ ಎಂಬುದು ಗರಿಷ್ಠ ಮಾರಾಟ ಬೆಲೆಯಷ್ಟೇ ಸ್ಪಷ್ಟವಾಗಿ ಮುದ್ರಣವಾಗಬೇಕು.

ಈ ಕೊನೆಯದು ಅಂಗಡಿಯವರಿಗೆ ತುರ್ತಿನ ವಿಷಯ. 2025ರ ಜೂನ್ 5ರಂದು ಬಿಡುಗಡೆಯಾದ ನಿಂಟೆಂಡೋ ಸ್ವಿಚ್ 2 ಯಂತ್ರದ ಹಲವು ಆಟಗಳು ‘ಗೇಮ್-ಕೀ ಕಾರ್ಡ್’ ಎಂಬ ರೂಪದಲ್ಲಿ ಡಬ್ಬಿಯಲ್ಲಿ ಬರುತ್ತವೆ. ಡಬ್ಬಿಯಲ್ಲಿರುವ ಕಾರ್ಡಿನೊಳಗೆ ಆಟವಿಲ್ಲ, ಆಟವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುವ ಕೀಲಿ ಮಾತ್ರವಿದೆ. ಕಾರ್ಡನ್ನು ಇನ್ನೊಬ್ಬರಿಗೆ ಮಾರಬಹುದೆಂಬುದು ಒಳ್ಳೆಯ ಅಂಶ. ಡಬ್ಬಿಯ ಮುಂಭಾಗದಲ್ಲಿ ಈ ಸಂಗತಿಯನ್ನು ಮುದ್ರಿಸಿರುವುದೂ ಮೆಚ್ಚತಕ್ಕದ್ದೇ. ಅದೇ ಸಂಸ್ಥೆ ತನ್ನ ಹಿಂದಿನ ವೀ ಯು ಮತ್ತು 3ಡಿಎಸ್ ಯಂತ್ರಗಳ ಅಂತರ್ಜಾಲ ಮಳಿಗೆಗಳಲ್ಲಿ ಮಾರಾಟ ನಿಲ್ಲಿಸಿದ್ದು 2023ರ ಮಾರ್ಚ್‌ನಲ್ಲಿ. ಕಾರ್ಡಿನ ಆಟವನ್ನು ಒದಗಿಸುವ ಸರ್ವರ್ ಎಂದಾದರೊಂದು ದಿನ ಹಾಗೆಯೇ ನಿಂತರೆ, ಡಬ್ಬಿ ಹಿಡಿದು ಗಿರಾಕಿ ಬರುವುದು ಕ್ಯೋಟೋ ನಗರದ ಕೇಂದ್ರ ಕಚೇರಿಗಲ್ಲ, ಬಿಲ್ಲು ಬರೆದುಕೊಟ್ಟ ಅಂಗಡಿಗೆ. ಅಂತಹ ಡಬ್ಬಿಗಳನ್ನು ಮಾರುವವರು ಆ ಬಿಲ್ಲಿನ ಮೇಲೆಯೇ, ಇದರಲ್ಲಿ ಕೀಲಿ ಮಾತ್ರ ಇದೆ, ಆಟ ಅಂತರ್ಜಾಲದಿಂದ ಬರತಕ್ಕದ್ದು ಎಂದು ಒಂದು ಸಾಲು ಬರೆದು ಗಿರಾಕಿಯ ಸಹಿ ಪಡೆಯುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಬಹುದು.